ಇರ್ವಿನ್‌ನ ಹೆಸರಿನಲ್ಲಿ

ಬೀದಿಯವರೆಲ್ಲ ಗೌರವದಿಂದ 'ದೋನ್ಯಾ' ಎನ್ನುವ ಕೂಕಾಳ ನಾಲಿಗೆ ಅವಳ ಹೆಂಚಿನಷ್ಟೇ ಬಿಸಿ. ಮೆಕ್ಸಿಕೋ ನಗರದ ಅಂಚಿನಲ್ಲಿ, ಗುಡ್ಡ ಹತ್ತುವ ನಮ್ಮ ಬೀದಿಯ ಮೂಲೆಯಲ್ಲಿ ಅವಳು ನೀಲಿ ಮೆಕ್ಕೆಜೋಳದ ಹಿಟ್ಟು ತಟ್ಟಿ, ಪಲ್ಯ ತುಂಬಿ ಮಡಿಚಿದ ರೊಟ್ಟಿ, ಕೆಸದಿಯಾ, ಸುಡುತ್ತಾಳೆ. "ಚೀಸ್ ಹಾಕ್ಲಾ, ಬೇಡ್ವಾ?" ಎಂದು ಕೇಳುತ್ತಾಳೆ. ಕೆಸದಿಯಾ ಎನ್ನುವ ಹೆಸರೇ ಚೀಸಿನಿಂದ ಬಂದದ್ದು, ಚೀಸ್ ಇರಲೇಬೇಕಲ್ಲ ಎಂದು ಹೊರಗಿನವರು ಯಾರಾದರೂ ವಾದಿಸಿದರೆ, "ಹಂಗಾದ್ರೆ ನಿಮ್ಮೂರಿಗೇ ಹೋಗಿ ತಿನ್ನು" ಎಂದು ಮುಂದಿನವರ ಕಡೆ ತಿರುಗುತ್ತಾಳೆ.

ಅವಳ ಒಬ್ಬನೇ ಮಗ ಇರ್ವಿನ್‌ನನ್ನು ಇದೇ ಬೀದಿಯಲ್ಲಿ ಒಂದು ಫೋನಿಗಾಗಿ ಗುಂಡಿಟ್ಟು ಕೊಂದರು. ಆಮೇಲೆ ಕಳ್ಳರು ಕಂಡರೆ ಊದಲು ಮನೆಮನೆಗೂ ಸೀಟಿ ಬಂತು. ಬೀದಿಗೆ ಅಡ್ಡಲಾಗಿ ಬಟ್ಟೆಯ ಫಲಕ ಬಂತು: 'ಕಳ್ಳಾ, ಸಿಕ್ಕಿದರೆ ಪೊಲೀಸರಿಗೆ ಕೊಡುವುದಿಲ್ಲ, ನಾವೇ ಸುಡುತ್ತೇವೆ.' ಇದನ್ನೆಲ್ಲ ಮುಂದೆ ನಿಂತು ಮಾಡಿಸಿದವನು ಮಾಂಸದಂಗಡಿಯ ಫಿದೆನ್ಸಿಯೊ. ಎಲ್ಲವೂ ಇರ್ವಿನ್‌ನ ಹೆಸರಿನಲ್ಲಿ.

ಒಂದು ಭಾನುವಾರ, ನರ್ಸಿಂಗ್ ಓದುವ ನಯೇಲಿಯ ಫೋನನ್ನು ಬೈಕಿನಲ್ಲಿ ಬಂದ ಇಬ್ಬರು ಕಿತ್ತುಕೊಂಡರು. ಅವಳು ಸೀಟಿ ಊದಿದಳು. ಬೀದಿಗೆ ಬೀದಿಯೇ ಊದಿತು. ಬೈಕು ಓಡಿಸುತ್ತಿದ್ದವನು ಫೋನಿನ ಸಮೇತ ತಪ್ಪಿಸಿಕೊಂಡ. ಹಿಂದೆ ಕೂತಿದ್ದವನು ಬಿದ್ದು ಸಿಕ್ಕಿದ. ಅವನನ್ನು ಕೂಕಾಳ ಒಲೆಯ ಎದುರಿನ ದೀಪದ ಕಂಬಕ್ಕೆ ಕಟ್ಟಿದರು, ಮೂಗು ಒಡೆಯುವವರೆಗೆ ಹೊಡೆದರು. ಫಿದೆನ್ಸಿಯೊ ಪೆಟ್ರೋಲ್ ತಂದು ಅವನ ಮೇಲೆ ಸುರಿದ.

"ಅಕ್ಕಾ, ಕಡ್ಡಿಪೆಟ್ಟಿಗೆ ಕೊಡು. ಇಲ್ಲಾ, ನೀನೇ ಗೀರು. ಹಕ್ಕು ನಿಂದೇ."

"ಇರ್ವಿನ್‌ಗೋಸ್ಕರ!" ಎಂದು ಯಾರೋ ಕೂಗಿದರು.

ಕೂಕಾ ಒಲೆ ಆರಿಸಿದಳು. ಕಡ್ಡಿಪೆಟ್ಟಿಗೆಯನ್ನು ರವಿಕೆಯೊಳಗೆ ಸಿಕ್ಕಿಸಿಕೊಂಡು ಕಂಬದ ಮುಂದೆ ಬಂದು ನಿಂತಳು.

"ಹಕ್ಕಂತೆ ಹಕ್ಕು! ಅವತ್ತು ನನ್ ಮಗ ರಸ್ತೇಲಿ ಬಿದ್ದಿದ್ದಾಗ ನಿನ್ ಬಾಗಿಲು ಬಡಿದೆ, ಫಿದೆನ್ಸಿಯೊ. ಒಳಗೆ ಟಿವಿ ಓಡ್ತಿತ್ತು. ನಾನು ಬಡೀತಾ ಇದ್ದಂಗೆ ಅದರ ಸದ್ದು ಕಮ್ಮಿ ಆಯ್ತು. ಬಾಗಿಲು ಮಾತ್ರ ತೆಗೀಲಿಲ್ಲ."

"ಹೆದರಿಕೆ ಅಕ್ಕಾ. ಮಕ್ಕಳಿದ್ರು ಮನೇಲಿ."

"ನಂದೂ ಒಂದಿತ್ತು, ರಸ್ತೇಲಿ. ಈಗ ಕೈಕಾಲು ಕಟ್ಟಿದೋನ ಮುಂದೆ ಧೈರ್ಯ ಬಂತಾ? ಅದಕ್ಕೆ ನನ್ ಮಗನ ಹೆಸರು ಬೇರೆ ಬೇಕಾ ನಿಮಗೆ?"

ಕಟ್ಟಿಸಿಕೊಂಡವನು ಅಳತೊಡಗಿದ. "ಅಮ್ಮಾ, ದೇವರು ನಿಮ್ಮನ್ನ ಚೆನ್ನಾಗಿ..."

ಅವಳು ತಿರುಗಿ ಅವನ ಕೆನ್ನೆಗೆ ಬಾರಿಸಿದಳು. "ಮುಚ್ಚೋ ಬಾಯಿ! ನಿನ್ ಮೇಲೆ ಕನಿಕರ ಬಂದಿಲ್ಲ ನಂಗೆ."

ಆಮೇಲೆ ಸ್ಟೂಲು ಎಳೆದುಕೊಂಡು ಅವನ ಮುಂದೆಯೇ ಕೂತಳು. ಸುಡಬೇಕೆಂದರೆ ಅವಳನ್ನೂ ಸೇರಿಸಿ ಸುಡಬೇಕಾಗಿತ್ತು. ಕೆಲವರು ಮನೆಗೆ ಹೋದರು.

ಪೊಲೀಸರ ಗಾಡಿ ಗುಡ್ಡ ಹತ್ತುವಷ್ಟರಲ್ಲಿ ಬಿಸಿಲು ಇಳಿದಿತ್ತು. ಸಾರ್ಜೆಂಟ್ ಹಗ್ಗ ಬಿಚ್ಚಿಸಿ, ಕಳ್ಳನನ್ನು ಗಾಡಿಗೆ ಹತ್ತಿಸಿ, ಹಲ್ಲುಕಡ್ಡಿ ಕಚ್ಚುತ್ತಾ ಕೇಳಿದ: "ದೂರು ಕೊಡೋರು ಯಾರಾದ್ರೂ ಇದ್ದೀರಾ?"

ಜನ ಒಂದೊಂದು ಹೆಜ್ಜೆ ಹಿಂದೆ ಸರಿದರು. ದೂರು ಕೊಟ್ಟವರ ಮನೆಯ ವಿಳಾಸ ಮಾರನೆಯ ದಿನವೇ ಠಾಣೆಯಿಂದ ಕಳ್ಳರ ಕೈಗೆ ಸೇರುತ್ತದೆಂದು ಎಲ್ಲರಿಗೂ ಗೊತ್ತು.

"ನನ್ ಮಗನ ಕೇಸು ಏನಾಯ್ತು, ಸಾಹೇಬ್ರೇ?" ಎಂದಳು ಕೂಕಾ.

"ಯಾವ ಮಗ?"

ಅವಳು ಏಪ್ರನ್ ಕೂಡ ಬಿಚ್ಚದೆ ಗಾಡಿಯ ಹಿಂಬದಿಗೆ ಹತ್ತಿ, ಕಳ್ಳನ ಪಕ್ಕದಲ್ಲೇ ಕೂತು ಅವನ ಕಾಲರ್ ಹಿಡಿದುಕೊಂಡಳು.

"ಇಳೀರಮ್ಮಾ, ಇದು ಬಸ್ಸಲ್ಲ."

"ದೂರಿಲ್ಲ ಅಂತ ಇವನನ್ನ ಕೆಳಗಿನ ತಿರುವಲ್ಲಿ ಇಳಿಸಿಬಿಡ್ತೀರಿ, ಗೊತ್ತು ನಂಗೆ. ನಡೀರಿ ಠಾಣೆಗೆ. ಇವನದ್ದೂ ಬರೀರಿ, ನನ್ ಮಗನದ್ದೂ ಬರೀರಿ. ಇರ್ವಿನ್ ಅಂತ ಅವನ ಹೆಸರು." ಅವಳು ಜನರತ್ತ ನೋಡಿದಳು. "ನಯೇಲೀ, ಫೋನು ನಿಂದು. ಬರ್ತೀಯಾ?"

ನಯೇಲಿಯ ತಾಯಿ ಮಗಳ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನಯೇಲಿ ಒಂದೊಂದೇ ಬೆರಳು ಬಿಡಿಸಿಕೊಂಡು ಗಾಡಿ ಹತ್ತಿದಳು.