ಅಕ್ಕನ ಕೌದಿಗೊಂದು ಥೀಮ್

ನಿಜ ಹೇಳ್ತೀನಿ, ನಗಬ್ಯಾಡ್ರಿ. ವಾಡಿ ಸ್ಟೇಷನ್ ರಸ್ತೆದಾಗ ಲಗ್ನಪತ್ರಿಕಿ ಛಾಪಿಸೋ ಅಂಗಡಿ ನಂದು. ಮ್ಯಾಲೆ ದೇವರು, ನಡುವ ಮದುಮಕ್ಕಳು, ಕೆಳಗ ಸುಖಾಗಮನ ಬಯಸೋರು. ಇಷ್ಟೆಲ್ಲ ಕೂಡಿಸಿದ ಕೈಗೆ ವೆಬ್‌ಸೈಟಿನ ಥೀಮ್, ಅಂದ್ರ ಪುಟದ ವಿನ್ಯಾಸ, ಏನು ಮಹಾ ಅಂದುಕೊಂಡಿದ್ದೆ.

ಅದು ಬೇಕಾಗಿದ್ದು ನನಗಲ್ಲ, ಶಹಾಬಾದದಾಗಿರೋ ನಮ್ಮಕ್ಕ ಶರಣಮ್ಮಗ. ಓಣ್ಯಾಗ ಯಾರ ಮನ್ಯಾಗ ಕೂಸು ಹುಟ್ಟಿದರೂ ಹಳೇ ಸೀರಿ ಕೂಡಿಸಿ ಕೌದಿ ಹೊಲಿದು ಕೊಟ್ಟಾಕಿ ಆಕಿ. ಕೂಸುಗಳು ಬೆಳೆದು ಊರೂರು ಸೇರಿದವು, ಕೌದಿನೂ ಅವುಗಳ ಹಿಂದ ಹೋದವು. ಸಕ್ಕರಿ ಬ್ಯಾನಿಗೆ ಅಕ್ಕನ ಕಣ್ಣು ಮಂದಾಗಾಕತ್ತಿ, ಇನ್ನು ದೃಷ್ಟಿ ಉಳಿಯೋದು ಕಷ್ಟ ಅಂತ ಡಾಕ್ಟರು ಹೇಳಿದ ದಿನ ಆಕಿ ನನ್ನ ಕೈ ಹಿಡಿದು ಒಂದೇ ಮಾತು ಅಂದಳು: "ಕಣ್ಣು ಪೂರಾ ಹೋಗೋದ್ರಾಗ ನನ್ನ ಕೌದಿ ಎಲ್ಲಾ ಒಂದ್ ಕಡಿ ನೋಡಬೇಕು ತಂಗಿ."

ಸೇಡಂ, ಐನಾಪುರ, ಕುಂಚಾವರಂ ತಿರುಗಿ ಫೋಟೋ ತೆಗೆದುಕೊಂಡು ಬಂದೆ. ಅದು ಸಲೀಸಾಯ್ತು. ಎಲ್ಲಾ ಒಂದು ವೆಬ್‌ಸೈಟಿನ್ಯಾಗ ಹಾಕಿ ಅಕ್ಕಗ ಫೋನಿನ್ಯಾಗ ತೋರಿಸಬೇಕಂತಿದ್ದೆ. ಸಿದ್ಧ ಥೀಮುಗಳೇ ಕೈಕೊಟ್ಟವು. ಅಕ್ಷರ ದೊಡ್ಡದು ಮಾಡಿದರ ಒತ್ತಕ್ಷರದ ಕಾಲು ಕತ್ತರಿಸಿ ಹೋಗ್ತಿದ್ದವು, ಕೌದಿ ಹೆಬ್ಬೆಟ್ಟಿನಷ್ಟು ಕಾಣ್ತಿದ್ದವು. ಅಕ್ಕನ ಕಣ್ಣಿಗೆ ತಕ್ಕಂಥದ್ದು ನಾನೇ ಮಾಡಬೇಕಂತ ಇಂಟರ್ನೆಟ್ಟಿನ್ಯಾಗ ಪಾಠ ಹುಡುಕಾಕ ಕುಂತೆ.

ಅಯ್ಯ, ಪಾಠಕ್ಕೇನು ಬರಗಾಲ! ಒಬ್ಬಾಂವ ಅರ್ಧ ಹೊತ್ತು ತನ್ನ ಚಾನೆಲ್ ಹೊಗಳಿಕೊಳ್ಳೋದ್ರಾಗೇ ಕಳೀತಿದ್ದ. ಇನ್ನೊಬ್ಬಾಕಿ ಇದು ಭಾಳ ಸರಳ ಅಂತ ಹೇಳಿ, ಸರಳಿಲ್ಲದ್ದನ್ನೆಲ್ಲ ಹಾರಿಸಿಬಿಡ್ತಿದ್ದಳು. ಮತ್ತೊಬ್ಬಾಂವ ಒತ್ತರಿ ಅಂದ ಬಟನ್ ಈಗ ಇರಲೇ ಇಲ್ಲ. ನಮ್ಮ ಕಡಿ ದಾರಿ ಕೇಳಿದೋರಿಗೆ ಗೊತ್ತಿಲ್ಲ ಅನ್ನೋದು ಮರ್ಯಾದಿ ಅಲ್ಲ. ಚಿಂಚೋಳಿ ಹತ್ರ ಒಬ್ಬ ಹಿರಿಯರು ಸೀದಾ ಹೋಗ್ರಿ ಅಂದದ್ದಕ್ಕ ತೊಗರಿ ಹೊಲದಾಗ ಇಳಿದಾಕಿ ನಾನು. ಇಂಟರ್ನೆಟ್ಟಿನವರೂ ನಮ್ಮ ಕಡೆಯವರೇ ಇರಬೇಕು. ಅವರು ಹೇಳಿದ ಕೋಡಿನ ಒಂದು ಸಾಲು ಸೇರಿಸಿದೆ, ನೋಡ್ರಿ, ಕುಂಬಾರಗ ವರುಷ ದೊಣ್ಣೆಗೆ ನಿಮಿಷ, ಕಟ್ಟಿದ್ದೆಲ್ಲ ಅಳಿಸಿ ಪರದೆ ಬೆಳ್ಳಗಾಯ್ತು.

ಮೊದಮೊದಲು ಅಕ್ಕ ಫೋನ್ ಮಾಡಿದಾಗೊಮ್ಮೆ ಆಯ್ತೇನು ಅಂತ ಕೇಳ್ತಿದ್ದಳು. ಆಮ್ಯಾಲೆ ಕೇಳೋದು ಬಿಟ್ಟಳು. ಅದು ನನಗ ಹೆಚ್ಚು ಹೆದರಿಕಿ ಹಚ್ಚಿತು.

ಕಡೀಗೆ ಹಿಂದಿಯೊಳಗ ಕಲಿಸೋ ಒಬ್ಬ ಗುರು ಸಿಕ್ಕರು. ಪಾಠದ ನಡುವ ಅವರ ಪುಟನೂ ಬೆಳ್ಳಗಾಯ್ತು. ಆ ಭಾಗ ವಿಡಿಯೋದಿಂದ ಕತ್ತರಿಸಿ ಒಗೀಲಿಲ್ಲ ಅವರು. ತಪ್ಪು ನನ್ನದೇ, ತಡೀರಿ, ಎಲ್ಲಿ ಅಂತ ಕೂಡಿ ಹುಡುಕೋಣ ಅಂದರು. ನನಗ ಕಣ್ಣಾಗ ನೀರು ಬಂತು. ಸಣ್ಣಾಕಿದ್ದಾಗ ಅಕ್ಕ ಕಲಿಸಿದ್ದೂ ಹಿಂಗೇ; ಹೊಲಿಗಿ ತಪ್ಪಿದರ ನನ್ನ ಮುಂದೇ ಬಿಚ್ಚಿ, ಮತ್ತ ಹಾಕ್ತಿದ್ದಳು. ಕೌದಿಯ ಕಡೀ ಮೂಲಿ ಮುಚ್ಚೋ ಮೊದಲು ಒಳಗ ಒಂದು ಚೂರು ರೊಟ್ಟಿ ಇಟ್ಟು ಅದರ ಹೊಟ್ಟಿ ತುಂಬಿಸೋದು ನಮ್ಮನಿ ಪದ್ಧತಿ, ಹಸಿದ ಕೌದಿ ಯಾರನ್ನೂ ಬೆಚ್ಚಗಿಡಂಗಿಲ್ಲಂತ. ಅದನ್ನೂ ಆಕಿನೇ ಕಲಿಸಿದ್ದು. ಆ ಗುರುವನ್ನ ನಂಬಿದೆ, ಥೀಮ್ ಆಯ್ತು.

ಶಹಾಬಾದಿಗೆ ಓಡಿದೆ. ಅಕ್ಕ ಫೋನನ್ನ ಮಾರಿ ಹತ್ರ ಹಿಡಿದಳು, ದೂರ ಹಿಡಿದಳು, ಬಾಗಲ ಬೆಳಕಿಗೆ ತಿರುಗಿ ಕುಂತಳು. ಕಾಣಲಿಲ್ಲ. ಅಷ್ಟು ದೊಡ್ಡ ಅಕ್ಷರ, ಅಷ್ಟು ದೊಡ್ಡ ಕೌದಿ, ಏನೂ ಕಾಣಲಿಲ್ಲ. ರೂಢಿಯಂಗ ಬೆರಳಿಲೆ ಹೊಲಿಗಿ ತಡಕಾಕ ಹೋದಳು, ಪುಟ ಬೆರಳಿನ ಕೆಳಗ ಸರ್ರನೆ ಜಾರಿ ಹೋಯ್ತು.

"ಭಾಳ ನುಣ್ಣಗದಲ್ಲ ತಂಗಿ," ಅಂದಳು.

ನಾನು ಸೆರಗು ಬಾಯಿಗೆ ಹಚ್ಚಿಕೊಂಡು ಅತ್ತೆ. ಆಕಿಗೆ ಗೊತ್ತಾಯ್ತೋ ಏನೋ, ಮಾತು ಬದಲಿಸಿ ಕೇಳಿದಳು: "ಇದರ ಹೊಟ್ಟಿ ತುಂಬಿಸಿದಿ ಇಲ್ಲೋ?"

ತುಂಬಿಸೀನಿ ಅಂದುಬಿಟ್ಟೆ.

ವಾಡಿಗೆ ಬಂದಾಕಿನೇ ಕೋಡ್ ತೆಗೆದೆ. ಅದರಾಗ ಎರಡು ಗುರುತಿನ ನಡುವ ಏನು ಬರೆದರೂ ಪುಟ ನೋಡೋರಿಗೆ ಕಾಣಂಗಿಲ್ಲ, ಆದರ ಅಲ್ಲೇ ಇರ್ತದ ಅಂತ ಗುರು ಹೇಳಿದ್ದರು. ಕಡೀ ಸಾಲಿನ್ಯಾಗ "ಅಕ್ಕ, ಇದು ರೊಟ್ಟಿ" ಅಂತ ಬರೆದು ಮುಚ್ಚಿದೆ. ಅಕ್ಕಗಷ್ಟೇ ಅಲ್ಲ, ಇದು ಕಣ್ಣಿದ್ದವರಿಗೂ ಕಾಣಂಗಿಲ್ಲ. ಕೌದ್ಯಾಗಿನ ರೊಟ್ಟಿನೂ ಯಾರು ಕಂಡಾರ ಬಿಡ್ರಿ.