ಕುಕ್ಕರ್ ಇದ್ದರೆ ಜನಪದ ಅಲ್ಲವಂತೆ

ಮೊನ್ನೆ ಶಿರಸಿಯಲ್ಲಿ ಪ್ರೆಶರ್ ಕುಕ್ಕರಿನ ಎದುರೇ ನಿಂತು, ಕುಕ್ಕರಿನ ಹಾಡು ಹೇಳಿ, ಕುಕ್ಕರ್ ಕಳೆದುಕೊಂಡು ಬಂದೆ.

ಜನಪದ ಗೀತೆ ಸ್ಪರ್ಧೆ. ಮೊದಲ ಬಹುಮಾನ ಐದು ಲೀಟರಿನ ಕುಕ್ಕರ್, ಮೇಜಿನ ಮೇಲೆ ಮಿಂಚುತ್ತಿತ್ತು. ಹುಲೇಕಲ್ಲಿನಿಂದ ನಾನು ಬಸ್ಸು ಹತ್ತಿದ್ದು ಕಲಾಸೇವೆಗಲ್ಲ, ಅದಕ್ಕೇ. (ನಮ್ಮನೆ ಕುಕ್ಕರಿನ ಹಿಡಿ ಮುರಿದು ಎರಡು ಮಳೆಗಾಲ ಆಯಿತು. ಇಕ್ಕಳ ಹಿಡಿದು ಇಳಿಸುತ್ತೇನೆ.) ಜೊತೆಗೆ ದನಿಗೂಡಿಸಲು ನಾದಿನಿ ಸರಸ್ವತಿ.

ಹಾಡಿದ್ದು ಬೀಗರ ಹಾಡು. ಮದುವೆ ಊಟದಲ್ಲಿ ಗಂಡಿನ ಕಡೆಯವರನ್ನು ಹೆಂಗಸರು ಹಾಡಿ ಹಂಗಿಸುವುದು ಗೊತ್ತಲ್ಲ? ಎಲೆ ಮುಂದೆ ಕೂತವನು ಏಳುವ ಹಾಗಿಲ್ಲ, ಸಿಟ್ಟು ಮಾಡುವ ಹಾಗಿಲ್ಲ. ಮುಖ ಕೆಂಪಗಾದರೂ ನಗಬೇಕು. ರಾಗ ನನ್ನ ಅತ್ತೆಯದು. ಮಾತು ಆಯಾ ದಿನದ್ದು, ಬೀಗನ ಹೊಟ್ಟೆ ನೋಡಿಕೊಂಡು.

"ಉಂಬಲೆ ಬಂದ್ರಲ್ಲೆ ನಮ್ಮನೆ ಬೀಗರು
ಕುಕ್ಕರಿನಾಂಗೆ ಕೂತ್ರಲ್ಲೆ
ಹತ್ತು ಹೋಳಿಗೆ ಹೋದ್ರೂ ಸೀಟಿಯೇ ಇಲ್ಲೆ
ಇನ್ನೆಷ್ಟು ತುಂಬಲಿ ಹೇಳ್ರಲ್ಲೆ"

ಜನ ನಕ್ಕರು. ತೀರ್ಪುಗಾರರು ನಗಲಿಲ್ಲ. ಧಾರವಾಡ ಕಡೆಯ ಕನ್ನಡಕದ ಸರ್. ಮೈಕು ಎಳೆದುಕೊಂಡರು.

"ಅಮ್ಮಾರ, ಹಾಡು ಛಲೋ ಅದ. ಆದ್ರ ಕುಕ್ಕರ್ ಬಂತಂದ್ರ ಅಪ್ಪಟ ಜನಪದ ಆಗಂಗಿಲ್ರಿ. ಒನಕಿ ಹಾಕಿ ಮೂಲ ಪಾಠ ಹಾಡ್ರಿ. ಮೊದಲ್ನೇ ಬಹುಮಾನ ನಿಮಗ."

ಮೂಲ ಪಾಠ! ನಾನು ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು. ಬೀಗರಿಗೂ ಪಠ್ಯಪುಸ್ತಕ ಇರುತ್ತದೆ ಎಂದು ಯಾರು ಹೇಳಿದ್ದರು?

ಸರಸ್ವತಿ ಸೊಂಟ ತಿವಿದಳು. "ಅತ್ತಿಗೆ, ಒಂದು ಶಬ್ದ ಬದಲ್ಸಿದ್ರೆ ಎಂತ ಆಗ್ತು? ಕುಕ್ಕರ್ ಬ್ಯಾಡ್ದಾ ನಿಂಗೆ?"

"ಒನಕೆ ಸೀಟಿ ಹೊಡಿತನೇ?"

"ಹೊಡಿಯದಿದ್ರೆ ಬಿಡ್ಲಿ! ಹಾಡೇ ಸುಮ್ನೆ."

ಕುಕ್ಕರ್ ನೋಡಿದೆ. ಹಿಡಿ ಗಟ್ಟಿ ಇತ್ತು. ಬಾಯಿ ತೆರೆದೆ, ಒನಕೆ ಎನ್ನಲಿಕ್ಕೇ. ಎದುರಿಗೆ ಸರ್ ಕೈಕಟ್ಟಿ, ಕೆನ್ನೆ ಉಬ್ಬಿಸಿ ಕೂತಿದ್ದರು. ಎಷ್ಟೋ ಮದುವೆಯಲ್ಲಿ ಹಾಡಿದ ಬಾಯಿ, ಅಂಥವರನ್ನು ಕಂಡರೆ ತಡೆಯುತ್ತದೆಯೇ?

"ತೀರ್ಪಿಗೆ ಬಂದ್ರಲ್ಲೆ ಕನ್ನಡಕದ ಬೀಗರು
ಕುಕ್ಕರಿನಾಂಗೆ ಕೂತ್ರಲ್ಲೆ
ಹತ್ತು ಹಾಡು ತುಂಬಿದ್ರೂ ಒಂದಗುಳು ಬೇಯ್ಲಿಲ್ಲೆ
ಒಲೆಗೆ ಬೆಂಕಿ ಹಾಕ್ರಲ್ಲೆ"

ಹಿಂದಿನ ಸಾಲಿನವರು ಬೆಂಚು ಬಡಿದರು. ಸರ್ ಮುಖ ಕುಂಕುಮದ ಬಣ್ಣಕ್ಕೆ ಬಂತು. ಅಂಕದ ಕಾಗದ ಮಡಚಿ ಸಂಘಟಕರ ಕೈಗಿಟ್ಟು, "ಇದು ಜನಪದ ಅಲ್ರಿ, ಅಧಿಕಪ್ರಸಂಗ" ಎಂದು ಎದ್ದೇ ಹೋದರು.

ಕುಕ್ಕರ್ ಗೆದ್ದಿದ್ದು ಯಾರು? ಕಾಲೇಜು ಹುಡುಗಿಯರು. ಕ್ಯಾಸೆಟ್ ಹಚ್ಚಿ, ಅದಕ್ಕೆ ತುಟಿ ಆಡಿಸಿದರು. ಕೈಯಲ್ಲಿ ಮೊರ ಇತ್ತು. (ಒಬ್ಬಳು ಅದನ್ನು ಬೋರಲು ಹಿಡಿದಿದ್ದಳು. ಅಪ್ಪಟ ಎಂದರೆ ಹಾಗೇ ಇರಬೇಕು.)

ವಾಪಸು ಬಸ್ಸಿನಲ್ಲಿ ಸರಸ್ವತಿ ನನ್ನನ್ನು ಬಿಟ್ಟು ಹಿಂದಿನ ಸೀಟಿಗೆ ಹೋಗಿ ಕೂತಳು. ಮನೆಗೆ ಬಂದು ಇಕ್ಕಳ ಹಿಡಿದೇ ಅನ್ನ ಇಳಿಸಿದೆ. ಕೈ ಸುಟ್ಟಿತು. ಸುಡಲಿ.

ಒಂದು ಮಾತು ಕೇಳುವುದಿದೆ, ಸರ್. ನಮ್ಮ ಬೀಗರಿಗೆ ಮುಖ ಕೆಂಪಾಗುತ್ತದೆಯೇ ಹೊರತು ಎಲೆ ಬಿಟ್ಟು ಯಾರೂ ಎದ್ದಿದ್ದಿಲ್ಲ. ನನ್ನದು ಅಪ್ಪಟ ಅಲ್ಲದ ಹಾಡಾದರೆ, ನಿಮಗೆ ಅಷ್ಟು ಜೋರಾಗಿ ತಾಗಿದ್ದು ಎಂತಕ್ಕೆ?