ಒಂದು ತಲೆ ಕಡಿಮೆ

ಗುಬ್ಬಿಯಿಂದ ಕುಣಿಗಲ್‌ಗೆ ಹೋಗುತ್ತಿದ್ದ ಖಾಸಗಿ ಬಸ್ಸಿಗೆ ನಮ್ಮ ಕರೀಂ ಸಾಬರು ಇಪ್ಪತ್ತೆಂಟು ವರ್ಷ ಕಂಡಕ್ಟರ್ ಆಗಿದ್ದರು. ಯಡಿಯೂರಿನಲ್ಲಿ ತಿಂಡಿಗೆ ಹತ್ತು ನಿಮಿಷ ನಿಲ್ಲಿಸುತ್ತಿದ್ದರು. ನಾನು ದೋಸೆ ನಿಧಾನವಾಗಿ ತಿನ್ನುವವನು. "ಏನ್ ಸ್ವಾಮಿ, ದೋಸೆ ತಿಂತಿದೀರೋ, ಕಾಯ್ತಿದೀರೋ?" ಎಂದು ಹೋಟೆಲಿನೊಳಗೇ ಬಂದು ಮಾನ ಕಳೆಯುತ್ತಿದ್ದರು. ಬಯ್ದರೂ ಬಿಟ್ಟು ಹೋಗುತ್ತಿರಲಿಲ್ಲ. ತಲೆ ಎಣಿಸದೆ ಅವರ ಬಾಯಲ್ಲಿ "ರೈಟ್" ಬರುತ್ತಿರಲಿಲ್ಲ.

ಅದಕ್ಕೆ ಕಾರಣವಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಮ್ಮೆ ಎಣಿಸದೆ ರೈಟ್ ಅಂದುಬಿಟ್ಟಿದ್ದರು. ಮಗುವನ್ನು ಬಸ್ಸಿನಲ್ಲಿ ಮಲಗಿಸಿ ಇಡ್ಲಿ ಕಟ್ಟಿಸಲು ಇಳಿದಿದ್ದ ತಾಯಿ ಯಡಿಯೂರಿನಲ್ಲೇ ಉಳಿದಳು. ಮೂರು ಮೈಲಿ ಹೋದ ಮೇಲೆ ಮಗು ಎದ್ದು ಅತ್ತಿತು. ಬಸ್ ತಿರುಗಿಸಿ ತಂದು ತಾಯಿಯ ಕೈಗೊಪ್ಪಿಸಿದರು, ನಿಜ. ಆದರೆ ಆ ಅಳು ಕಿವಿಯಿಂದ ಹೋಗಲಿಲ್ಲ ಎನ್ನುತ್ತಿದ್ದರು.

ಎಂಬತ್ನಾಲ್ಕನೇ ಇಸವಿಯಲ್ಲಿ ದೆಹಲಿಯಲ್ಲಿದ್ದ ಸಾಬರ ಮಗಳು ರೋಷನ್ ಬೀಗೆ ಹೆರಿಗೆಯಾಯಿತು. ಅಳಿಯ ವಿಮಾನದ ಟಿಕೆಟ್ ಕಳಿಸಿದ. ಸಾಬರು ಜನ್ಮದಲ್ಲಿ ಮೊದಲ ಸಲ ಬೆಂಗಳೂರಿನಲ್ಲಿ ವಿಮಾನ ಹತ್ತಿದರು. ದಾರಿಯಲ್ಲಿ ಹೈದರಾಬಾದಿನಲ್ಲಿ ಅರ್ಧ ಗಂಟೆ ನಿಲುಗಡೆ. ದೆಹಲಿಗೆ ಹೋಗುವವರಲ್ಲಿ ಸಾಬರೂ ಸೇರಿ ಹತ್ತೊಂಬತ್ತು ಜನ ಟೀ ಕುಡಿಯಲು ಇಳಿದರು. ಯಾರೂ ಹೇಳದಿದ್ದರೂ ಸಾಬರು ಎಣಿಸಿದ್ದರು.

ಹಸಿವು ಕರುಳು ಕಚ್ಚುತ್ತಿತ್ತು. ಎರಡು ಸಮೋಸ ಹೇಳಿದರು. ಅವು ಬರುವ ಹೊತ್ತಿಗೆ ಮೈಕಿನಲ್ಲಿ ಇಂಗ್ಲಿಷು ಕೇಳಿಸಿತು, ಜನ ಎದ್ದರು. ಮುಟ್ಟದ ಸಮೋಸ ಬಿಟ್ಟು ಸಾಬರೂ ಓಡಿದರು. ವಿಮಾನದ ಮೆಟ್ಟಿಲ ಹತ್ತಿರ ನಿಂತು ನೋಡಿದರೆ ಹದಿನೆಂಟೇ ತಲೆ! ವಿಮಾನದಲ್ಲಿ ಕಿಟಕಿ ಪಕ್ಕ ಕೂತಿದ್ದ ಬಿಳಿ ಸೀರೆಯ ಅಜ್ಜಿ ಇಲ್ಲ.

"ಹತ್ತಿ, ಬಾಗಿಲು ಹಾಕುತ್ತೇವೆ" ಎಂದಳು ಗಗನಸಖಿ. ಹತ್ತಿದರೆ ಅಜ್ಜಿ ಉಳಿಯುತ್ತಾಳೆ, ಹುಡುಕಹೋದರೆ ತಾನೇ ಉಳಿದು ಮೊಮ್ಮಗುವಿನ ಮುಖ ನೋಡುವುದು ತಪ್ಪಬಹುದು. ಸಾಬರಿಗೆ ನಿಜಕ್ಕೂ ಭಯವಾಯಿತು. ಆದರೂ ಒಂದು ತಲೆ ಕಡಿಮೆ ಎಂದು ಉರ್ದುವಿನಲ್ಲಿ ಕೂಗಿ ಹೇಳಿ ವಾಪಸ್ ಓಡಿದರು.

ಅಜ್ಜಿ ಮೂಲೆಯ ಮೇಜಿನಲ್ಲಿ ಟೀ ಊದಿಕೊಂಡು ಆರಾಮಾಗಿ ಕೂತಿದ್ದರು.

"ಏನಮ್ಮಾ, ಎಲ್ರೂ ಹತ್ತಾಯ್ತು, ಇನ್ನೂ ಕೂತಿದೀರಲ್ಲ!"

"ಕಂಡಕ್ಟರ್ ಬಂದು ಕರೀತಾನೆ ಅಂತ ಕೂತಿದ್ದೆ ಕಣಪ್ಪ."

ಸಾಬರು ಕೈ ಚಾಚಿದರು. "ಬಂದಿದೀನಲ್ಲ, ಏಳಿ" ಎಂದರು.

ಒಂದು ಕೈಯಲ್ಲಿ ಅಜ್ಜಿಯ ಕೈ, ಇನ್ನೊಂದರಲ್ಲಿ ಮೇಜಿನ ಮೇಲೆ ಹಾಗೇ ಇದ್ದ ಎರಡು ಸಮೋಸ. ಇಬ್ಬರೂ ಬರುವವರೆಗೆ ಗಗನಸಖಿ ಬಾಗಿಲು ಹಾಕಿರಲಿಲ್ಲ, ಮುಖ ಮಾತ್ರ ಗಂಟು ಹಾಕಿಕೊಂಡಿದ್ದಳು. ಅಜ್ಜಿಗೊಂದು ಸಮೋಸ ಕೊಟ್ಟು ತಾವೊಂದು ತಿಂದರು. ಪೂರ್ತಿ ಆರಿತ್ತಂತೆ. ಅಂಥ ರುಚಿ ಮತ್ತೆ ಎಲ್ಲೂ ಸಿಗಲಿಲ್ಲವಂತೆ.

ಬಾಗಿಲು ಬಿತ್ತು. ಸಾಬರು ಕತ್ತು ಎತ್ತಿ ಟೀಗೆ ಇಳಿದಿದ್ದವರನ್ನು ಇನ್ನೊಮ್ಮೆ ಎಣಿಸಿದರು. ಹತ್ತೊಂಬತ್ತು. ಆಮೇಲೆ ಯಾರಿಗೂ ಕೇಳಿಸದಂತೆ, ವಿಮಾನಕ್ಕೇ ಹೇಳಿದರು: "ರೈಟ್."